ಅವ್ವನ ಕೋಣೆ ಅಡವಿಟ್ಟ ಕತೆ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ಮನೆಗಳನ್ನು ಅಡವಿಟ್ಟುಕೊಂಡವನು ನಾನು. 'ಮಂಜೂರಾದ ನಕ್ಷೆ ಎಲ್ಲಿ?' ಎಂದು ನಾನು ಕೇಳಿದ್ದಕ್ಕೆ ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋದವರು ಎಷ್ಟು ಜನವೋ. ಅದೇ ಪ್ರಶ್ನೆಯನ್ನು ಮೇಜಿನ ಈಚೆ ಕಡೆ ನಿಂತು ಕೇಳಿಸಿಕೊಳ್ಳುವ ಯೋಗ 2013ರಲ್ಲಿ ಬಂತು.

ರಾಯಚೂರಿನಿಂದ ವರ್ಗವಾಗಿ ಹೈದರಾಬಾದಿಗೆ ಬಂದದ್ದು 1991ರಲ್ಲಿ. ಐದು ವರ್ಷದ ಮೇಲೆ ಊರ ಹೊರಗೆ 240 ಗಜದ ನಿವೇಶನ ಕೊಂಡೆ. ನಮ್ಮ ಕಡೆ ಮೂವತ್ತು-ನಲವತ್ತು ಅನ್ನುತ್ತೇವಲ್ಲ, ಇಲ್ಲಿ ಎಲ್ಲ ಗಜದ ಲೆಕ್ಕ. ಹೊಲಕ್ಕೆ ಸುಣ್ಣದ ಗೆರೆ ಎಳೆದು ಮಾರಿದ ಪಂಚಾಯಿತಿ ಬಡಾವಣೆ ಅದು. ಬ್ಯಾಂಕಿನವನಾಗಿ ಇಂಥದ್ದನ್ನು ಕೊಂಡಿರಾ ಎಂದು ನೀವು ಕೇಳಬಹುದು. ಸಂಬಳಕ್ಕೆ ಎಟುಕಿದ್ದು ಅದೊಂದೇ. ಆಮೇಲೆ 2008ರಲ್ಲಿ ಸಕ್ರಮ ಯೋಜನೆಯಲ್ಲಿ ದುಡ್ಡು ಕಟ್ಟಿ ಆ ಪಾಪ ತೊಳೆದುಕೊಂಡೆ.

ಮನೆ ಕಟ್ಟಿಸುವ ಸುದ್ದಿ ಹೇಳಲು ಫೋನು ಮಾಡಿದರೆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲೇ ಮನಿ ಕಟ್ಟಸ್ತೀ ಅಂದ್ರ, ಇನ್ನ ಈ ಕಡಿ ಬರಂಗಿಲ್ಲ ಅನ್ನು" ಎಂದಳು. "ಕೆಳಗಡೆ ನಿನಗೊಂದು ಕೋಣೆ ಮಾಡಸ್ತೀನಿ, ನೀನೇ ಬಾ" ಎಂದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕ್ರಯಪತ್ರ, ಋಣಭಾರ ಪತ್ರ, ಸಕ್ರಮದ ಆದೇಶ, ಇಂಜಿನಿಯರ್ ಸಹಿ ಹಾಕಿದ ನಕ್ಷೆ ಎಲ್ಲ ಜೋಡಿಸಿ ಪುರಸಭೆಗೆ ಹೋದೆ. ತೆಲುಗು ಅಕ್ಷರ ನಮಗೆ ಅರ್ಧ ಪರಿಚಿತವೇ. ತಲೆಕಟ್ಟಿನಲ್ಲಿ ಮಾತ್ರ ಎಡವುತ್ತಿದ್ದೆ. ಪ್ರತ್ಯೇಕ ರಾಜ್ಯದ ಗಲಾಟೆ ಜೋರಾಗಿದ್ದ ದಿನಗಳು. ಗುಮಾಸ್ತರು ಕಡತ ತೆರೆಯುವ ಮುಂಚೆ, "ಆಂಧ್ರಾನಾ, ತೆಲಂಗಾಣಾನಾ?" ಎಂದರು. ಎರಡೂ ಅಲ್ಲ, ರಾಯಚೂರು ಎಂದೆ. "ಅಯ್ತೇ ಮೀರೂ ಮಾ ನಿಜಾಮ್ ವಾಳ್ಳೇ ಕದಂಡೀ!" ಎಂದು ನಕ್ಕು ಕುರ್ಚಿ ತೋರಿಸಿದರು. ಸುಳ್ಳಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮಪ್ಪನಿಗೆ ರಾಜಧಾನಿ ಅಂದರೆ ಇದೇ ಊರು. ಇಪ್ಪತ್ತೆರಡು ವರ್ಷ ಇದ್ದ ಮೇಲೆ ನಾನು ಇಲ್ಲಿಯವನೂ ಹೌದು ಎಂದು ಹೇಳಿದ ಮೊದಲ ಸರಕಾರಿ ಮನುಷ್ಯ ಅವರು.

ಆದರೆ ಲೆಕ್ಕ ಬೇರೆ. ಅವರು ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದರು. 240 ಗಜ ಅಂದರೆ 200.67 ಚದರ ಮೀಟರ್. 2012ರ ಕಟ್ಟಡ ನಿಯಮದ ಪ್ರಕಾರ 200 ಚದರ ಮೀಟರಿನವರೆಗಿನ ನಿವೇಶನದಲ್ಲಿ 7 ಮೀಟರ್ ಎತ್ತರದೊಳಗಿನ ಮನೆಗೆ ವಿನಾಯಿತಿ. ಅದು ದಾಟಿದರೆ ಕಟ್ಟಡದ ಶೇಕಡಾ 10ರಷ್ಟು ಭಾಗವನ್ನು ನೋಟರಿ ಮಾಡಿಸಿದ ಪ್ರಮಾಣಪತ್ರದ ಮೂಲಕ ಪುರಸಭೆಗೆ ಒಪ್ಪಿಸಬೇಕು. ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ನಿಷೇಧಿತ ಆಸ್ತಿಗಳ ಪುಸ್ತಕದಲ್ಲಿ ದಾಖಲಾದ ಮೇಲೇ ಪರವಾನಗಿ ಕೈಗೆ. ನಕ್ಷೆಯಂತೆ ಕಟ್ಟಿ ವಾಸಯೋಗ್ಯ ಪತ್ರ ಪಡೆದರೆ ಬಿಡುಗಡೆ. ಸೊನ್ನೆ ಪಾಯಿಂಟ್ ಆರು ಏಳು ಮೀಟರ್ ಅಂದರೆ ಊಟಕ್ಕೆ ಎರಡು ಮಣೆ ಹಾಕುವಷ್ಟು ಜಾಗ. "ಅಷ್ಟಕ್ಕೆ ಇಷ್ಟಾ?" ಎಂದೆ.

ಎಂದವನಿಗೆ ಸಿಂಧನೂರು ಶಾಖೆಯ ಒಬ್ಬ ಮೇಷ್ಟ್ರು ನೆನಪಾದರು. ಅವರ ಕ್ರಯಪತ್ರಕ್ಕೂ ನಕ್ಷೆಗೂ ಎರಡಡಿ ವ್ಯತ್ಯಾಸ. ಮೂರು ಸಲ ಅರ್ಜಿ ವಾಪಸು ಕಳಿಸಿದ್ದೆ. ಮೂರನೇ ಸಲ ಅವರು ಕೈಮುಗಿದು, "ಸಾಹೇಬ್ರ, ಆ ಎರಡಡಿ ನೀವೇ ಇಟ್ಕೊಳ್ರಿ, ಉಳಿದಿದ್ದಕ್ಕ ಸಾಲ ಕೊಡ್ರಿ" ಅಂದಿದ್ದರು. ಶಾಖೆಯಲ್ಲಿ ಎಲ್ಲರೂ ನಕ್ಕಿದ್ದೆವು, ನಾನೂ ನಕ್ಕಿದ್ದೆ. ಗುಮಾಸ್ತರಿಗೆ ಎದುರು ಮಾತಾಡದೆ ನಕ್ಷೆ ಸುತ್ತಿಕೊಂಡು ಬಂದೆ. ಅವರು ಮಾಡಿದ್ದರಲ್ಲಿ ತಪ್ಪೂ ಇರಲಿಲ್ಲ. ಭದ್ರತೆ ಇಲ್ಲದಿದ್ದರೆ ಯಾರು ನಕ್ಷೆಯಂತೆ ಕಟ್ಟುತ್ತಾರೆ?

ಎರಡು ಅಂತಸ್ತು ಸೇರಿ 1800 ಚದರ ಅಡಿ. ಅದರ ಹತ್ತನೇ ಒಂದು ಪಾಲು, 180. ಹನ್ನೆರಡು-ಹದಿನೈದರ ಕೋಣೆ ಒಂದೇ ಇತ್ತು, ಅವ್ವನದು. ಇಂಜಿನಿಯರು ಅದರ ಮೇಲೆ ಓರೆಗೆರೆ ಎಳೆದುಬಿಟ್ಟ. ಹೆಂಡತಿ, "ಅತ್ತೆಗೆ ಹೇಳ್ಬೇಡ್ರಿ" ಎಂದಳು. ನಾನು ಹೇಳಿಬಿಟ್ಟೆ. ಅಪ್ಪ ಒಮ್ಮೆ ಮಳೆ ಕೈಕೊಟ್ಟ ವರ್ಷ ಮನೆ ಒತ್ತೆ ಇಟ್ಟು, ಬಿಡಿಸಿಕೊಳ್ಳಲು ಏಳು ವರ್ಷ ಹಿಡಿದಿತ್ತು ಎಂಬುದು ಆ ಹೊತ್ತಿಗೆ ನನ್ನ ತಲೆಯಲ್ಲಿರಲಿಲ್ಲ.

"ಒತ್ತಿ ಇಟ್ಟ ಕೋಣ್ಯಾಗ ನಾ ಮಲಗಂಗಿಲ್ಲ ತಮ್ಮಾ. ಬಿಡಿಸ್ಕೋ, ಆಮ್ಯಾಲ ಬರ್ತೀನಿ" ಎಂದಳು. ಇದು ಸಾಲವಲ್ಲ, ಬಡ್ಡಿಯಿಲ್ಲ, ಬರೀ ಕಾಗದದ ಮೇಲೆ ಎಂದು ಗಿರಾಕಿಗಳಿಗೆ ಹೇಳುವಂತೆ ಹೇಳಿದೆ. "ಆವಾಗೂ ಕಾಗದದ ಮ್ಯಾಲೇ ಇತ್ತಲ್ಲ" ಎಂದಳು.

ಮನೆ 2014ರ ಕೊನೆಗೆ ಮುಗಿಯಿತು. ಆ ವರ್ಷ ಜೂನ್ 2ಕ್ಕೆ ತೆಲಂಗಾಣ ಬಂದಿತ್ತು. ಹೀಗಾಗಿ ನನ್ನ ಪರವಾನಗಿ ಒಂದು ರಾಜ್ಯದ್ದು, ವಾಸಯೋಗ್ಯ ಪತ್ರ ಇನ್ನೊಂದು ರಾಜ್ಯದ್ದು. ತಪಾಸಣೆಗೆ ಬಂದವರು ಟೇಪು ಹಿಡಿದು ಸುತ್ತ ಅಳೆದರು. ಇಂಗುಗುಂಡಿ ನೋಡಿದರು, ಸರಿ ಎಂದರು. ಪಕ್ಕದ ಓಣಿಗೆ ಬಂದು ನಿಂತರು. ಅಲ್ಲಿ, ಬಿಡಬೇಕಾದ ಜಾಗದೊಳಗೆ, ನಾನೊಂದು ಕಲ್ಲಿನ ಕಟ್ಟೆ ಕಟ್ಟಿಸಿದ್ದೆ. ರಾಯಚೂರಿನ ಮನೆ ಮುಂದೆ ಇದ್ದಂಥದ್ದೇ; ಅವ್ವನಿಗೆ ಸಂಜೆ ಕೂರಲು. ನಕ್ಷೆಯಲ್ಲಿ ಇರಲಿಲ್ಲ. ನನಗೆ ಗೊತ್ತಿತ್ತು, ಗೊತ್ತಿದ್ದೂ ಕಟ್ಟಿಸಿದ್ದೆ. "ಸಾರ್, ನೀವು ಬ್ಯಾಂಕಿನವರು" ಎಂದಷ್ಟೇ ಅಂದರು. ಮರುದಿನ ಆಳು ಕರೆಸಿ ಒಡೆಸಿದೆ. ಪತ್ರ ಬಂತು, ಕೋಣೆ ಬಿಡುಗಡೆಯಾಯಿತು.

2015ರ ಯುಗಾದಿಗೆ ಅವ್ವ ಬಂದಳು. ಬಿಡುಗಡೆಯ ಕಾಗದ ತರಿಸಿಕೊಂಡು, ಓದಲು ಬಾರದಿದ್ದರೂ ಮೊಹರಿನ ಮೇಲೆ ಬೆರಳಾಡಿಸಿ, ಕೋಣೆಯಲ್ಲಿ ತನ್ನ ಟ್ರಂಕು ಇಡಿಸಿದಳು. ಸಂಜೆ ಹೊರಗೆ ಬಂದು ಆ ಕಡೆ ಈ ಕಡೆ ನೋಡಿದಳು.

"ಎಲ್ಲಾ ಛಲೋ ಐತಿ. ಕುಂದ್ರಾಕ ಒಂದು ಕಟ್ಟಿ ಕಟ್ಟಸಾಕ ಆಗಲಿಲ್ಲೇನೋ ನಿನಗ?"

ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದೆ.