ಅಮ್ಮಮ್ಮನ ರಟ್ಟಿನ ಪುಸ್ತಕ

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕೂತು ಊರಿನ ಬೋರ್ಡುಗಳನ್ನು ಓದಿ ನೋಡಿ. ಹಳ್ಳಿ, ಹಾಳು, ಊರು ಎಂದು ಮುಗಿಯುವ ಹೆಸರುಗಳ ನಡುವೆ ಆಗಾಗ ಒಂದು ‘ಕ್ಯಾಂಪ್’ ಬರುತ್ತದೆ. ಕೆಲವಕ್ಕೆ ದೇವರ ಹೆಸರು, ಕೆಲವಕ್ಕೆ ಮೊದಲು ಬಂದು ನೆಲೆಸಿದ ಹಿರಿಯರ ಹೆಸರು. ಕ್ಯಾಂಪ್ ಅಂದರೆ ನಾಲ್ಕು ದಿನ ಡೇರೆ ಹಾಕಿ ಎದ್ದು ಹೋಗುವ ಜಾಗ ಅಲ್ಲವೇ? ಇಲ್ಲಿ ಹಾಗಲ್ಲ. ಅರವತ್ತು ವರ್ಷ ದಾಟಿದರೂ ಹೆಸರು ಮಾತ್ರ ಕ್ಯಾಂಪೇ. ಆರ್‌ಸಿಸಿ ಮನೆ, ದೇವಸ್ಥಾನ, ಶಾಲೆ, ಅಕ್ಕಿ ಗಿರಣಿ ಎಲ್ಲ ಬಂದಿವೆ.

ನಾನು ಹೊರಟಿದ್ದು ದೇಶನೂರಿಗೆ. ಸಂಕ್ರಾಂತಿಗೆ ಇನ್ನೂ ಎರಡು ವಾರ ಇತ್ತು. ಅಲ್ಲಿ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ಕಬ್ಬು ಅರೆಯುವ ಕಾಲದಲ್ಲಿ ಊರು ಕಾಣುವ ಮೊದಲೇ ಕಾಕಂಬಿಯ ವಾಸನೆ ಬಂದು ಮೂಗಿಗೆ ತಾಗುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಆದರೆ ಊರಿನ ಹಳೆಯ ಸೊತ್ತು ಕಾರ್ಖಾನೆಯಲ್ಲ, ನೀರು. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ ತೆಗೆದ ಕಾಲುವೆಗಳಲ್ಲಿ ದೇಶನೂರು ಕಾಲುವೆಯೂ ಒಂದು, ಸಿರುಗುಪ್ಪ ಕಾಲುವೆಯೂ ಒಂದು. ಹೊಳೆಯ ಮಗ್ಗುಲಿನ ಜನಕ್ಕೆ ಬತ್ತದ ಗದ್ದೆ ಹೊಸದಲ್ಲ. ಹೊಳೆಯಿಂದ ದೂರ ಸರಿದಂತೆ ಮಾತ್ರ ಬರೀ ಎರೆಭೂಮಿ. ಮಳೆ ಬಂದರೆ ಜೋಳ, ಹತ್ತಿ. ಬಾರದಿದ್ದರೆ ಏನೂ ಇಲ್ಲ.

ಅದು ಬದಲಾದದ್ದು 1953ರಲ್ಲಿ. ಆ ವರ್ಷ ಜುಲೈ 1ರಂದು ಹೊಸಪೇಟೆಯ ಹತ್ತಿರದ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಸರಿಯಾಗಿ ಮೂರು ತಿಂಗಳಿಗೆ, ಅಕ್ಟೋಬರ್ 1ರಂದು, ಮದರಾಸು ರಾಜ್ಯ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ನೀರು ಬಂದ ವರ್ಷವೇ ಗಡಿಯೂ ಬಂತು! ಗಡಿಯನ್ನು ಲೆಕ್ಕಿಸದೆ ಗೋದಾವರಿ, ಕೃಷ್ಣಾ, ಗುಂಟೂರು ಕಡೆಯ ರೈತರು ನೀರಿನ ಸುದ್ದಿ ಕೇಳಿಕೊಂಡು ಬಂದರು. ಅಲ್ಲಿ ಒಂದೆಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತಂತೆ. ನೀರಾವರಿ ಬೇಸಾಯದ ಅಭ್ಯಾಸವಿಲ್ಲದ ಇಲ್ಲಿನವರು ಕೆಲವರು ಅಗ್ಗಕ್ಕೆ ಹೊಲ ಮಾರಿ, ಆಮೇಲೆ ಅದೇ ಹೊಲಕ್ಕೆ ಕೂಲಿಗೆ ಹೋದರು. ಆ ನೋವನ್ನು ಇಲ್ಲಿನ ಹಿರಿಯರು ಈಗಲೂ ಹೇಳಿಕೊಳ್ಳುತ್ತಾರೆ. ಅದನ್ನು ಬಿಟ್ಟು ಬರೀ ಹಸಿರು ಗದ್ದೆಯ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ.

ದೇಶನೂರಿನಿಂದ ವಾಪಸು ಬರುತ್ತಾ ಒಂದು ಕ್ಯಾಂಪಿನಲ್ಲಿ ಇಳಿದೆ. ಪರಿಚಯದವರ ಮನೆ. ಅಂಗಳದಲ್ಲಿ ಸುಣ್ಣದ ಪುಡಿಯ ದೊಡ್ಡ ರಂಗೋಲಿ, ನಡುವೆ ಹೂ ಸಿಕ್ಕಿಸಿದ ಸಗಣಿಯ ಉಂಡೆಗಳು. ಗೋದಾವರಿ ಕಡೆ ಅವನ್ನು ಗೊಬ್ಬೆಮ್ಮ ಅನ್ನುತ್ತಾರೆ.

“ಬರ್ರೀ, ಕುಂದ್ರಿ, ಮಜ್ಗಿ ಕುಡೀರಿ,” ಎಂದರು ಎಂಬತ್ತು ದಾಟಿದ ಅಜ್ಜಿ. ಅಪ್ಪಟ ಬಳ್ಳಾರಿ ಕನ್ನಡ. ಮರುಗಳಿಗೆಗೆ ಒಳಗೆ ತಿರುಗಿ ಮೊಮ್ಮಗಳನ್ನು ಕರೆದದ್ದು ಗೋದಾವರಿಯ ತೆಲುಗಿನಲ್ಲಿ. ಹೊಸ್ತಿಲು ಅವರಿಗೆ ಎರಡು ಭಾಷೆಯ ನಡುವಿನ ಗೆರೆ ಇದ್ದ ಹಾಗೆ. ಮದುವೆಯಾಗಿ ಬಂದಾಗ ಅವರಿಗೆ ಹತ್ತೊಂಬತ್ತು. ಸಂತೆಯಲ್ಲಿ ಉಪ್ಪು ಕೇಳುವುದು ಕಷ್ಟವಾಗಲಿಲ್ಲ, ಎರಡೂ ಭಾಷೆಯಲ್ಲಿ ಉಪ್ಪು ಉಪ್ಪೇ. ಅಕ್ಕಿಗೆ ‘ಬಿಯ್ಯಂ’ ಅಂದಾಗ ಅಂಗಡಿಯವನು ನಕ್ಕನಂತೆ.

“ಇಲ್ಲಿ ನಮಗ ಕ್ಯಾಂಪಿನೋರು ಅಂತಾರ. ತೌರಿಗೆ ಹೋದ್ರ ಬಳ್ಳಾರಿಯೋರು ಬಂದ್ರು ಅಂತಾರ. ಮಾತಿನ ಮಧ್ಯ ಕನ್ನಡ ಬಂತಂದ್ರ ಹುಡುಗ್ರು ನಗ್ತಾವ,” ಎಂದು ತಾವೂ ನಕ್ಕರು. ಮೊಮ್ಮಗಳು ಮಾತ್ರ ನಗಲಿಲ್ಲ. ಅವಳು ಏಳನೇ ತರಗತಿ. ಓದುವುದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ತೆಲುಗು ಮಾತಾಡುತ್ತಾಳೆ, ಬರೆಯಲು ಬಾರದು. ಅವಳ ಅಪ್ಪ ಅಮ್ಮನೂ ಓದಿದ್ದು ಕನ್ನಡವೇ.

ಅಡುಗೆಮನೆಯಿಂದ ಅವಳು ಒಂದು ಪುಸ್ತಕ ತಂದಳು. ರಟ್ಟು ಕಿತ್ತು ದಾರದಲ್ಲಿ ಕಟ್ಟಿದ್ದು, ಎಣ್ಣೆಯ ಕಲೆ, ಮೂಲೆಯಲ್ಲಿ ಗೆದ್ದಲಿನ ತೂತು. ಅಮ್ಮಮ್ಮ ಮದುವೆಯಾದ ವರ್ಷದಿಂದ ಬರೆದದ್ದು. ಹಬ್ಬದ ಅಡುಗೆ, ಮದುವೆಯ ಹಾಡು, ಯಾರಿಗೆ ಯಾವಾಗ ಮಗು ಹುಟ್ಟಿತು, ಗೋದಾವರಿಯಿಂದ ಹೊರಟಾಗ ಗಂಟಿನಲ್ಲಿ ಏನೇನಿತ್ತು, ಎಲ್ಲ ತೆಲುಗು ಅಕ್ಷರದಲ್ಲಿ. ಈಗ ಅಮ್ಮಮ್ಮನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಕಣ್ಣಿದ್ದವರಿಗೆ ಅಕ್ಷರ ಬರುವುದಿಲ್ಲ.

ಅಂಥದ್ದೇ ಒಂದು ಸಂಗತಿ ನೆನಪಾಗಿ ಹುಡುಗಿಗೆ ಹೇಳಿದೆ. ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್. ಮಾತಿನ ಬೇರು ಬಹುಪಾಲು ಜರ್ಮನ್, ಲಿಪಿ ಹೀಬ್ರೂ, ಬಲದಿಂದ ಎಡಕ್ಕೆ ಬರೆಯುವುದು. ಅವರು ಅದನ್ನು ಪ್ರೀತಿಯಿಂದ ‘ಮಾಮೆ ಲೋಶ್ನ್’ ಅನ್ನುತ್ತಿದ್ದರು, ಅಂದರೆ ಅಮ್ಮನ ಮಾತು. ಕಷ್ಟಕ್ಕೆ ಸಿಕ್ಕಿ ಲಕ್ಷಗಟ್ಟಲೆ ಜನ ಅಮೆರಿಕಕ್ಕೆ ವಲಸೆ ಹೋದರು. ಯುರೋಪಿನಲ್ಲಿ ಉಳಿದವರಲ್ಲಿ ಬಹಳ ಮಂದಿ ಹಿಟ್ಲರನ ಕಾಲದಲ್ಲಿ ಪ್ರಾಣ ಕಳೆದುಕೊಂಡರು. ಅಮೆರಿಕದಲ್ಲಿ ಮಕ್ಕಳು ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು. ಮೊಮ್ಮಕ್ಕಳ ಕಾಲಕ್ಕೆ ತಾತನ ಪುಸ್ತಕ ಓದುವವರೇ ಇಲ್ಲ, ಎಷ್ಟೋ ಪುಸ್ತಕಗಳು ಕಸಕ್ಕೆ ಹೋದವು. 1980ರಲ್ಲಿ ಆರನ್ ಲ್ಯಾನ್ಸ್ಕಿ ಎಂಬ ತರುಣ ಮ್ಯಾಸಚೂಸೆಟ್ಸ್‌ನಲ್ಲಿ ಅವನ್ನು ಕೂಡಿಹಾಕಲು ಒಂದು ಕೇಂದ್ರ ತೆರೆದ. ಪುಸ್ತಕ ಕೊಡುವ ಮುದುಕರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಕೂರಿಸಿ, ಉಣ್ಣಿಸಿ, ಒಂದೊಂದು ಪುಸ್ತಕದ ಕಥೆಯನ್ನೂ ಹೇಳಿಯೇ ಕೊಡುತ್ತಿದ್ದರು. ಹಾಗೆ ಉಳಿದ ಪುಸ್ತಕಗಳು ಹತ್ತು ಲಕ್ಷಕ್ಕೂ ಹೆಚ್ಚು.

“ನಂದು ಒಂದೇ ಐತಲ್ರಿ,” ಎಂದಳು ಹುಡುಗಿ. “ಮತ್ತ ಎಡದಿಂದ ಬಲಕ್ಕೇ ಐತಿ.”

ಅವಳ ಮಾತು ಸರಿ. ಅವಳಿಗೆ ಇನ್ನೊಂದು ಅನುಕೂಲವೂ ಇದೆ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಹಳೆಯ ಶಾಸನಗಳ ಲಿಪಿಯನ್ನು ವಿದ್ವಾಂಸರು ಕನ್ನಡ-ತೆಲುಗು ಲಿಪಿ ಎಂದೇ ಕರೆಯುತ್ತಾರೆ. ಅಚ್ಚುಮೊಳೆ ಬಂದ ಮೇಲೆ ದಾರಿ ಪೂರ್ತಿ ಬೇರೆಯಾಯಿತು. ತೆಲುಗಿನ ತಲೆಕಟ್ಟು ಲೆಕ್ಕದ ಮೇಷ್ಟರು ಹಾಕುವ ರೈಟ್ ಗುರುತಿನಂತೆ ಮೇಲೆದ್ದಿರುತ್ತದೆ. ಗ, ಜ, ಬ, ರ, ಲ ನೋಡಿದ ಕೂಡಲೇ ಸಿಗುತ್ತವೆ. ಕ ಮತ್ತು ತ ಕೈಕೊಡುತ್ತವೆ. ಅವಳು ಒಂದು ಹಾಳೆಯಲ್ಲಿ ಎರಡೂ ವರ್ಣಮಾಲೆ ಪಕ್ಕಪಕ್ಕ ಬರೆದು ಪುಸ್ತಕದೊಳಗೆ ಇಟ್ಟುಕೊಂಡಿದ್ದಳು.

ಅಂದು ತೆರೆದದ್ದು ಅರಿಸೆಲಿನ ಪುಟ. ನಮ್ಮ ಅತ್ರಸವೇ. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು: “ನು... ವ್ವು... ಲು. ಅಮ್ಮಮ್ಮಾ, ನುವ್ವುಲು ಅಂದ್ರ?”

“ಎಳ್ಳು, ತಲ್ಲೀ.”

“ಬಿಯ್ಯಂ ಒಂದು ತವ್ವ. ತವ್ವ ಅಂದ್ರ?”

ಅಜ್ಜಿ ಉತ್ತರಿಸಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋಗಿ, ಅಕ್ಕಿ ಡಬ್ಬದಿಂದ ತಳ ಸವೆದ ಹಿತ್ತಾಳೆಯ ಅಳತೆಯೊಂದನ್ನು ತಂದು ಅವಳ ಕೈಗಿಟ್ಟರು. “ಇದು ಸೋಲ. ಇಂಥವು ಎರಡು ಆದ್ರ ತವ್ವ.” ಮನೆಯಲ್ಲಿ ಇಷ್ಟು ದಿನ ಅಕ್ಕಿ ತೆಗೆಯಲು ಬಳಸುತ್ತಿದ್ದ ಆ ಪಾತ್ರೆಗೆ ಒಂದು ಹೆಸರಿದೆ ಎಂದು ಹುಡುಗಿಗೆ ಆವತ್ತೇ ಗೊತ್ತಾದದ್ದು. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಳು: ಅಕ್ಕಿ ಎರಡು ಸೋಲ. ಅಜ್ಜಿ ಬಿಡಲಿಲ್ಲ. “ತವ್ವ ಅಂತಾನೇ ಬರಿ. ಪಕ್ಕದಾಗ ಬೇಕಾದ್ರ ಎರಡು ಸೋಲ ಅಂತ ಹಾಕು.”

ಪುಟದ ಕೊನೆಯ ಮೂರು ಸಾಲು ನೀರು ಬಿದ್ದು ಅಳಿಸಿದ್ದವು. ಹುಡುಗಿ ನಿಲ್ಲಿಸಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಬೆಲ್ಲದ ಪಾಕ ಯಾವಾಗ ಇಳಿಸಬೇಕು, ಕರಿದದ್ದನ್ನು ಎರಡು ಮರದ ಹಲಗೆಯ ನಡುವೆ ಒತ್ತಿ ತುಪ್ಪ ಹೇಗೆ ಇಳಿಸಬೇಕು ಎಂದು ತೆಲುಗಿನಲ್ಲಿ ಹೇಳುತ್ತಾ ಹೋದರು. ಹುಡುಗಿ ಕನ್ನಡ ಅಕ್ಷರದಲ್ಲಿ ಅದೇ ತೆಲುಗನ್ನು ಬರೆದುಕೊಳ್ಳುತ್ತಾ ಹೋದಳು.

ನಾನು ಎದ್ದಾಗ ಕೊನೆಯ ಬಸ್ಸಿನ ಹೊತ್ತಾಗಿತ್ತು. ಎಷ್ಟು ಪುಟ ಉಳಿದಿವೆ ಎಂದು ಕೇಳಿದೆ.

“ನಲವತ್ತೊಂದು,” ಎಂದಳು. “ಹಾಡಿನ ಪುಟ ಕಷ್ಟ ಅದಾವ್ರಿ. ಅವನ್ನ ಅಮ್ಮಮ್ಮ ಹಾಡಿ ತೋರಿಸ್ಬೇಕು.”