ಯಾರೂ ಕರೆಯದ ಫೈಲು

ಕೆಲಸಕ್ಕೆ ಸೇರಿದ ವಾರವೇ ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸುಳ್ಳು ಹೇಳಿದೆ. ಎಲ್ಲರೂ ರಿಯಾಕ್ಟ್, ಪೈಥಾನ್ ಅಂತಿದ್ರು. ನನ್ನ ಪಾಲಿಗೆ ಬಂದದ್ದು ಪರ್ಲ್, ಅದರ ಮೇಲೆ ಮೇಸನ್. ನಾನೂ "ರಿಯಾಕ್ಟೇ ಕಣ್ರೇ" ಅಂದುಬಿಟ್ಟೆ.

ಮೇಸನ್ ಅಂದ್ರೆ ಜೊನಾಥನ್ ಸ್ವಾರ್ಟ್ಜ್ ಎಂಬವರು 1990ರ ದಶಕದ ಕೊನೆಯಲ್ಲಿ ಕಟ್ಟಿದ ಟೆಂಪ್ಲೇಟ್ ವ್ಯವಸ್ಥೆ. ಎಚ್‌ಟಿಎಂಎಲ್ ಪುಟದ ನಡುವೆಯೇ ಪರ್ಲ್ ಬರೆಯಬಹುದು. ಸಾಲಿನ ಶುರುವಿನಲ್ಲಿ ಶೇಕಡಾ ಚಿಹ್ನೆ ಇದ್ದರೆ ಆ ಸಾಲು ಪರ್ಲ್. ಪುಟದ ತುಂಡುಗಳನ್ನು ಗಾರೆಯವರು ಇಟ್ಟಿಗೆ ಇಟ್ಟಂತೆ ಜೋಡಿಸುತ್ತಾ ಹೋಗೋದು. ಹೆಸರೂ ಅದೇ ತಾನೆ. ಒಂದು ಕಾಲಕ್ಕೆ ಅಮೆಜಾನ್ ಕೂಡ ಇದನ್ನು ಬಳಸಿತ್ತು ಅಂತ ಓದಿದ ದಿನ ಸ್ವಲ್ಪ ಸಮಾಧಾನ ಆಯ್ತು.

ಆರನೇ ತಿಂಗಳಲ್ಲಿ ಹಳೇ ಕೋಡ್ ಗುಡಿಸುವ ಕೆಲಸ ಬಂತು. ಯಾರೂ ಬಳಸದ ಫೈಲುಗಳನ್ನು ಹುಡುಕಿ ತೆಗೆಯಬೇಕು. ಬಿಲ್‌ಗಳ ಫೋಲ್ಡರಿನಲ್ಲಿ 'ಆಟೊಹ್ಯಾಂಡ್ಲರ್' ಅಂತ ಒಂದು ಸಿಕ್ಕಿತು. ಇಡೀ ಕೋಡ್ ಜಾಲಾಡಿದೆ, ಎಲ್ಲೂ ಅದನ್ನು ಕರೆದಿರಲಿಲ್ಲ. ಅಳಿಸಿದೆ. ಲಾಗಿನ್ ಆಗಿ ನೋಡಿದೆ, ಪುಟಗಳು ಮೊದಲಿನ ಹಾಗೇ ಇದ್ದವು. ಸಂಜೆ ಲೈವ್ ಹೋಯ್ತು.

ರಾತ್ರಿ ಒಂಬತ್ತೂವರೆಗೆ ಫೋನ್. ಲಾಗಿನ್ ಇಲ್ಲದೆಯೇ ಯಾರ ಬಿಲ್ ಬೇಕಾದರೂ ತೆರೆದುಕೊಳ್ತಿದೆ!

ಕೈ ನಡುಗುತ್ತಿತ್ತು. ಹಿಂದಿನ ವರ್ಷ ಕೆಲಸ ಬಿಟ್ಟು ಪುತ್ತೂರಿಗೆ ಹೋದ ಸೀನಿಯರ್ ಒಬ್ಬರಿಗೆ ಕರೆ ಮಾಡಿದೆ.

"ಎಂತ ಮಾಡಿದ್ದು ಮಾರಾಯ್ತಿ?"

"ಯಾರೂ ಕರೆಯಲ್ಲ ಅಂತ ತೆಗೆದೆ ಸರ್."

"ಅದನ್ನು ಯಾರೂ ಕರೆಯುವುದೇ ಬೇಡ. ಆ ಫೋಲ್ಡರಿನ ಪ್ರತಿ ಪುಟಕ್ಕೂ ಮೊದಲು ಮೇಸನ್ ತಾನೇ ಅದನ್ನು ಓಡಿಸ್ತದೆ. ಮನೆಯ ಜಗಲಿ ಇದ್ದ ಹಾಗೆ, ದಾಟದೆ ಒಳಗೆ ಹೋಗ್ಲಿಕ್ಕಾಗ್ತದಾ? ಲಾಗಿನ್ ನೋಡುವುದು ಅಲ್ಲೇ."

ಹೆಡರ್, ಫೂಟರ್ ಹಾಕುವ ದೊಡ್ಡ ಆಟೊಹ್ಯಾಂಡ್ಲರ್ ಮೇಲಿನ ಫೋಲ್ಡರಿನಲ್ಲಿ ಹಾಗೇ ಇತ್ತು. ಅದಕ್ಕೇ ನನ್ನ ಕಣ್ಣಿಗೆ ಏನೂ ಬದಲಾದಂತೆ ಕಾಣಲಿಲ್ಲ. ಫೈಲು ವಾಪಸ್ ಹಾಕಿದೆ. ಎಷ್ಟು ಜನರ ಬಿಲ್ ಯಾರು ನೋಡಿದ್ರು ಅಂತ ಲಾಗ್ ತೆಗೆದು ಪಟ್ಟಿ ಮಾಡುವಾಗ ಬೆಳಗಿನ ಮೂರು ಗಂಟೆ. ಮ್ಯಾನೇಜರಿಗೆ 'ಅಳಿಸಿದ್ದು ನಾನೇ' ಅಂತ ಮೇಲ್ ಬರೆದೆ.

ಅದೇ ಬಿಸಿಯಲ್ಲಿ ಗ್ರೂಪಿನಲ್ಲೂ ಬರೆದೆ: "ನಂದು ರಿಯಾಕ್ಟ್ ಅಲ್ಲ, ಪರ್ಲ್."

ಬೆಳಿಗ್ಗೆ ಒಬ್ಬಳ ಉತ್ತರ ಬಂದಿತ್ತು. "ನಂದು ಕೊಬಾಲ್ ಕಣೇ. ಇವರಿಗೆ ಹೇಳ್ಬೇಡ."