ಫ್ರೆಶ್‌ವಾಟರಿನ ಗಾಜಿನ ಮನೆ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ತೀರ ಸಮೀಪದಲ್ಲಿ, ಕಡಲಿನಲ್ಲಿ ಮಲಗಿದಂತಿರುವ ಪುಟ್ಟ ದ್ವೀಪ ವೈಟ್. ಲಿಮಿಂಗ್ಟನ್ ರೇವಿನಲ್ಲಿ ಹಡಗು ಹತ್ತಿದವರು ಮುಕ್ಕಾಲು ಗಂಟೆಯೊಳಗೆ ದ್ವೀಪದ ಯಾರ್ಮತ್ ಊರಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಮೂರು ಮೈಲಿಯಷ್ಟು ಹೋದರೆ ನೆಲ ಮುಗಿದು ಮತ್ತೆ ಕಡಲು. ಅದೇ ಫ್ರೆಶ್‌ವಾಟರ್ ಕೊಲ್ಲಿ. ಸೀಮೆಸುಣ್ಣದ ಬೆಳ್ಳನೆಯ ಕಡಿಬಂಡೆಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿವೆ. ಪಕ್ಕದ ಹಸುರು ದಿಬ್ಬದ ನೆತ್ತಿಯ ಮೇಲೆ, ಈ ದಾರಿಯಲ್ಲಿ ದಿನವೂ ಅಡ್ಡಾಡುತ್ತಿದ್ದ ಕವಿ ಟೆನಿಸನ್ನನ ನೆನಪಿಗೆ ನಿಲ್ಲಿಸಿದ ಕಲ್ಲಿನ ಶಿಲುಬೆಯಿದೆ. ಬಂದವರಲ್ಲಿ ಹೆಚ್ಚಿನವರು ಇಷ್ಟನ್ನು ನೋಡಿ, ಗಾಳಿ ಕುಡಿದು ಹಿಂದಿರುಗುತ್ತಾರೆ. ಆದರೆ ಮನುಷ್ಯರ ಮುಖಗಳಲ್ಲಿ ಆಸಕ್ತಿಯುಳ್ಳವರು ಕೊಲ್ಲಿಯ ಬಳಿಯ ಒಂದು ಮನೆಯ ಮುಂದೆ ನಿಲ್ಲದೆ ಹೋಗಲಾರರು. ಅದರ ಹೆಸರು ಡಿಂಬೋಲಾ.

ಈ ಹೆಸರು ಇಂಗ್ಲೆಂಡಿನದಲ್ಲ, ಸಿಂಹಳದ್ದು. ಮನೆಯ ಯಜಮಾನ ಚಾರ್ಲ್ಸ್ ಹೇ ಕ್ಯಾಮರಾನ್ ಕಲ್ಕತ್ತೆಯಲ್ಲಿ ಮೆಕಾಲೆಯೊಡನೆ ಕಾನೂನು ಆಯೋಗದಲ್ಲಿ ದುಡಿದ ನ್ಯಾಯಶಾಸ್ತ್ರಜ್ಞ. ಸಿಂಹಳದಲ್ಲಿ ತೋಟಗಳನ್ನು ಮಾಡಿಕೊಂಡಿದ್ದವನು. ಅವನ ಮಡದಿ ಜೂಲಿಯಾ ಮಾರ್ಗರೆಟ್ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿಯೇ. ದಂಪತಿಗಳು 1860ರಲ್ಲಿ ಇಲ್ಲಿ ಅಕ್ಕಪಕ್ಕದ ಎರಡು ಮನೆಗಳನ್ನು ಕೊಂಡು, ನಡುವೆ ಗೋಪುರವೊಂದನ್ನು ಕಟ್ಟಿಸಿ ಒಂದಾಗಿ ಮಾಡಿದರು. ನೆರೆಯಲ್ಲಿ ಟೆನಿಸನ್ನನ ಫ್ಯಾರಿಂಗ್‌ಫರ್ಡ್ ಮನೆ.

1863ರ ಡಿಸೆಂಬರಿನಲ್ಲಿ ಗಂಡ ಸಿಂಹಳಕ್ಕೆ ಹೋಗಿದ್ದಾಗ, ತಾಯಿಯ ಬೇಸರ ಕಳೆಯಲೆಂದು ಮಗಳೂ ಅಳಿಯನೂ ಒಂದು ಉಡುಗೊರೆ ಕೊಟ್ಟರು. ಅದು ಮರದ ಭಾರಿ ಕ್ಯಾಮರಾ. ಕ್ಯಾಮರಾನ್ ಎಂಬಾಕೆಯ ಕೈಗೆ ಕ್ಯಾಮರಾ ಬಂದುದು ವಿಧಿಯ ವಿನೋದವೇ ಇರಬೇಕು! ಆಕೆಗೆ ಆಗ 48 ವರ್ಷ. ಆರು ಮಕ್ಕಳ ತಾಯಿ. ಕಪ್ಪು ಪೆಟ್ಟಿಗೆಯನ್ನು ಎಲ್ಲಿಡಬೇಕು, ಕೂತವರ ಮೇಲೆ ಹೇಗೆ ಫೋಕಸ್ ಮಾಡಬೇಕು ಎಂಬುದೂ ತಿಳಿಯದು. ಆದರೂ ಕಲ್ಲಿದ್ದಲಿನ ಕೊಟ್ಟಿಗೆ ಕತ್ತಲೆ ಕೋಣೆಯಾಯಿತು. ಕೋಳಿಗಳಿಗೆ ಬಿಡುಗಡೆಯಾಗಿ, ಕೋಳಿಮನೆಯು ಪಟ ತೆಗೆಯುವ ಗಾಜಿನ ಮನೆಯಾಯಿತು.

ಆ ಕಾಲದಲ್ಲಿ ಪಟ ತೆಗೆಯುವುದೆಂದರೆ ಒಂದು ವ್ರತವೇ ಸರಿ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಿ, ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ, ತೇವ ಆರುವ ಮುನ್ನವೇ ಬೆಳಕಿಗೆ ಒಡ್ಡಿ, ಒಡನೆಯೇ ಕತ್ತಲೆ ಕೋಣೆಗೆ ಒಯ್ದು ತೊಳೆಯಬೇಕು. ಬೆರಳು, ಬಟ್ಟೆ, ಮೇಜಿನ ಹಾಸು ಎಲ್ಲವೂ ಕಪ್ಪು ಕಲೆ. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕೂಡಿಸಿದ್ದ ಊರಿನ ರೈತನೊಬ್ಬನ ಪಟವೇ ಆಕೆಯ ಮೊದಲ ಪ್ರಯತ್ನ. ಹಸಿಯಾಗಿದ್ದ ಹಲಗೆಯ ಮೇಲೆ ಕೈಯಾಡಿಸಿ ಅದನ್ನು ತಾನೇ ಅಳಿಸಿಹಾಕಿದಳು. ಎದೆಗುಂದಲಿಲ್ಲ. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಪಟ ಮೂಡಿದಾಗ, ಅದರ ಕೆಳಗೆ ತನ್ನ ಮೊದಲ ಯಶಸ್ಸೆಂದು ಬರೆದಿಟ್ಟಳು.

ಅಂದಿನ ಪೇಟೆಯ ಸ್ಟುಡಿಯೋಗಳಲ್ಲಿ ಕಂಬ, ಪರದೆ, ಬರೆದ ಉದ್ಯಾನದ ನಡುವೆ ಗಿರಾಕಿಯನ್ನು ನಿಲ್ಲಿಸಿ, ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಉಡುಪು ಚೆನ್ನಾಗಿ ಮೂಡುತ್ತಿತ್ತು. ಮನುಷ್ಯ ಮಾತ್ರ ಮರದ ಗೊಂಬೆ. ಈಕೆ ಕಂಬವನ್ನೂ ಉದ್ಯಾನವನ್ನೂ ತೆಗೆದುಹಾಕಿದಳು. ಹಿಂದೆ ಕಪ್ಪು ಬಟ್ಟೆ, ಹೆಗಲಿಗೆ ಕಪ್ಪು ಶಾಲು. ಪರದೆಗಳನ್ನೆಳೆದು ಒಂದೇ ಕಡೆಯಿಂದ ಬೆಳಕು ಬೀಳುವಂತೆ ಮಾಡಿ, ಕ್ಯಾಮರಾವನ್ನು ಮುಖದ ಬಳಿಗೆ ತಂದಳು. ಕೂತವರು ಹಲವು ನಿಮಿಷ ಅಲುಗದೆ ಇರಬೇಕಾಗಿತ್ತು. ಅಷ್ಟು ಹೊತ್ತು ಯಾರ ಮುಖದಲ್ಲಿಯೂ ತೋರಿಕೆಯ ನಗೆ ನಿಲ್ಲಲಾರದು. ಅದು ಕರಗಿದ ಮೇಲೆ ಉಳಿಯುವ ಮುಖವೇ ಆಕೆಗೆ ಬೇಕಾದದ್ದು. ಮುಖ ಚೆಲುವಾಗಿ ಕಂಡ ಕ್ಷಣದಲ್ಲಿ ಫೋಕಸನ್ನು ನಿಲ್ಲಿಸಿಬಿಡುತ್ತಿದ್ದಳು. ಕೂದಲೆಳೆ ಎಣಿಸುವಷ್ಟು ಸ್ಪಷ್ಟತೆಗಾಗಿ ತಿರುಗಿಸುತ್ತ ಕೂಡಲಿಲ್ಲ. ಪಂಡಿತರು ಇದನ್ನು ಅಂದಗೇಡು ಕೆಲಸವೆಂದು ಪತ್ರಿಕೆಗಳಲ್ಲಿ ಹಳಿದರು. ಆದರೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು 1865ರಲ್ಲಿಯೇ ಆಕೆಯ ಪಟಗಳನ್ನು ಕೊಂಡುಕೊಂಡಿತು.

1867ರಲ್ಲಿ ಈಕೆ ಕೆಂಟ್ ಸೀಮೆಗೆ ಹೋಗಿ, ಹಳೆಯ ಗೆಳೆಯನೂ ಖಗೋಳ ವಿಜ್ಞಾನಿಯೂ ಆದ ಸರ್ ಜಾನ್ ಹರ್ಷೆಲನ ಪಟ ತೆಗೆದಳು. ಪಟ ಮಾಸದಂತೆ ಕಾಯುವ ಹೈಪೋ ಲವಣದ ಗುಣವನ್ನು ಕಂಡುಹಿಡಿದವನು ಅವನೇ. ಮುದುಕನ ತಲೆ ತೊಳೆಸಿ ಬೆಳ್ಗೂದಲನ್ನು ಕೆದರಿಸಿದಳಂತೆ. ಕತ್ತಲೆಯಿಂದ ಹೊರಹೊಮ್ಮಿದಂತಿರುವ ಆ ಮುಖದಲ್ಲಿ, ಇರುಳೆಲ್ಲ ನಕ್ಷತ್ರ ನೋಡಿದ ಕಣ್ಣುಗಳು ಇಂದಿಗೂ ನೋಡುತ್ತಲೇ ಇವೆ.

ವಿಜ್ಞಾನಿಗೆ ದೊರೆತ ಬೆಳಕೇ ಮನೆಗೆಲಸದವರಿಗೂ ದೊರೆಯಿತು. ಆಳು ಹುಡುಗಿ ಮೇರಿ ಹಿಲಿಯರ್ ಎಷ್ಟೋ ಪಟಗಳಲ್ಲಿ ಏಸುವಿನ ತಾಯಿಯಾಗಿ ಕುಳಿತಳು. ಇನ್ನೊಬ್ಬಳು ಮೇರಿ ರಯಾನ್. ಲಂಡನ್ನಿನ ಹೊರವಲಯದಲ್ಲಿ ಭಿಕ್ಷೆ ಬೇಡುತ್ತಿದ್ದ ತಾಯಿಯ ಮಗಳು. ಅವಳನ್ನು ಮನೆಗೆ ಕರೆತಂದು, ಓದು ಕಲಿಸಿ, ಕೆಲಸ ಕೊಟ್ಟವಳು ಈಕೆಯೇ. ಲಂಡನ್ನಿನ ಪ್ರದರ್ಶನವೊಂದರಲ್ಲಿ ಅವಳ ಪಟ ಕಂಡ ತರುಣನೊಬ್ಬ ಅದನ್ನು ಕೊಂಡು ಒಯ್ದ. ಮರೆಯಲಾರದೆ ಬಂದು ಅವಳ ಕೈ ಬೇಡಿದ. 1867ರಲ್ಲಿ ಮದುವೆಯಾಯಿತು. ಆ ತರುಣ ಹೆನ್ರಿ ಕಾಟನ್. ಮುಂದೆ ಇಂಡಿಯಾದಲ್ಲಿ ಅಧಿಕಾರಿಯಾಗಿ, ಅಸ್ಸಾಮಿನ ಮುಖ್ಯ ಕಮಿಷನರಾಗಿ, ಭಾರತೀಯರ ಪಕ್ಷ ವಹಿಸಿ ನುಡಿದು, 1904ರ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷನಾದ ಸರ್ ಹೆನ್ರಿ ಕಾಟನ್ ಇವನೇ! ಭಿಕ್ಷುಕಿಯ ಮಗಳು ಲೇಡಿ ಕಾಟನ್ ಆದಳು. ಅವಳ ಪಟದಲ್ಲಿ ಹಂಗಿನ ಆಳನ್ನಲ್ಲ, ಒಬ್ಬ ಹೆಣ್ಣನ್ನು ತೋರಿಸಿದವಳು ಕ್ಯಾಮರಾನ್.

1875ರಲ್ಲಿ ದಂಪತಿಗಳು ಡಿಂಬೋಲಾ ಬಿಟ್ಟು ಸಿಂಹಳಕ್ಕೆ ಹೊರಟರು. ಅಲ್ಲಿಯೂ ತೋಟದ ಸುತ್ತಿನ ಜನರ ಪಟಗಳನ್ನು ಆಕೆ ತೆಗೆದಳು. ಅವುಗಳಲ್ಲಿ ಕೆಲವೇ ಉಳಿದಿವೆ. 1879ರಲ್ಲಿ ಅಲ್ಲಿಯೇ ಮಣ್ಣಾದಳು. ಫ್ರೆಶ್‌ವಾಟರಿನ ಮನೆ ನೆಲಸಮವಾಗುವ ಭೀತಿಗೆ ಸಿಕ್ಕಾಗ, 1990ರ ದಶಕದಲ್ಲಿ ಅಭಿಮಾನಿಗಳು ಅದನ್ನು ಕೊಂಡು ಉಳಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು.

ಈಗ ಮನೆಮನೆಯಲ್ಲಿಯೂ, ಕೈಕೈಯಲ್ಲಿಯೂ ಕ್ಯಾಮರಾ. ಪಟಕ್ಕೆ ಒಂದು ಕ್ಷಣವೂ ಬೇಡ. ಮುಖ ನೋಡಲು ಮಾತ್ರ ಯಾರಿಗೂ ಬಿಡುವಿಲ್ಲ. ಭಾವ ತುಂಬಿದ ಪಟ ತೆಗೆಯಬಯಸುವವರಿಗೆ ಡಿಂಬೋಲಾ ಹೇಳುವ ಪಾಠ ಸರಳ: ಒಂದು ಕಿಟಕಿ ತೆರೆದಿಟ್ಟು ಉಳಿದುವನ್ನು ಮುಚ್ಚಿರಿ, ಹಿಂದೆ ಕಪ್ಪು ಬಟ್ಟೆ ಕಟ್ಟಿರಿ, ಹತ್ತಿರ ಬನ್ನಿರಿ, ನಗು ಎನ್ನಬೇಡಿರಿ, ಕಾಯಿರಿ. ಕನ್ನಡಿಯ ಮುಂದೆ ನಿಂತು ತನ್ನ ಪಟವನ್ನು ತಾನೇ ತೆಗೆದುಕೊಳ್ಳುವವರಿಗೂ ಇದೇ ಮಾತು ಸಲ್ಲುತ್ತದೆ. ತೋರಿಕೆ ಬೇಗ ದಣಿಯುತ್ತದೆ. ಅದು ದಣಿದ ಮೇಲೆ ಬರುವ ಮುಖವೇ ನಿಜವಾದ ಮುಖ.